ಲಿಫ್ಟಿನ ಪಕ್ಕದ ಬಿಳಿ ಕಾರು

ನನ್ನ ಗಂಡನಿಗೆ ಲಕ್ವ ಹೊಡೆದ ವರ್ಷ ದೇವರು ಮಾಡಿದ ಸಣ್ಣ ಉಪಕಾರಗಳಲ್ಲಿ ಒಂದು, ಕಾರಿನ ಮುಂದಿನ ಗಾಜಿನೊಳಗೆ ಇಡುವ ನೀಲಿ ಕಾರ್ಡು. ಅದರ ಮೇಲೆ ಗಾಲಿಕುರ್ಚಿಯ ಚಿತ್ರ. ಅದಿದ್ದರೆ ಈ ಕೊಲ್ಲಿ ದೇಶದಲ್ಲಿ ರಸ್ತೆ ಬದಿಯಲ್ಲಿ ಪಾರ್ಕಿಂಗಿಗೆ ದುಡ್ಡಿಲ್ಲ, ಟೋಲಿನಲ್ಲಿ ವಿನಾಯಿತಿ, ಮಾಲ್‌ಗಳಲ್ಲಿ ಬಾಗಿಲ ಹತ್ತಿರವೇ ಅಗಲವಾದ ಜಾಗ. ಎಷ್ಟೋ ತಿಂಗಳ ಮೇಲೆ ಅವರು ದೇರಾದ ಮೀನು ಮಾರುಕಟ್ಟೆಗೆ ಬಂದು ತಾವೇ ಬಂಗುಡೆ ಆರಿಸಿದರು.

ಆದರೆ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಅಂಥ ಜಾಗ ಇದ್ದದ್ದು ಒಂದೇ, ಲಿಫ್ಟಿಗೆ ತಾಗಿ. ಅಲ್ಲೊಂದು ಬಿಳಿ ಕಾರು ಧೂಳು ಹೊದ್ದು ನಿಂತಿತ್ತು. ಒಳಗೆ ನಮ್ಮದರಂಥದೇ ಕಾರ್ಡು.

"ಆ ಮನುಷ್ಯನನ್ನು ಆಂಬುಲೆನ್ಸಿನಲ್ಲಿ ಕೊಂಡುಹೋದರು ಮೇಡಂ, ಮತ್ತೆ ಬರಲಿಲ್ಲ. ಫೋನೂ ಬಂದ್," ಎಂದ ಕಟ್ಟಡದ ಕಾವಲುಗಾರ. "ಕಾರ್ಡಿನ ಅವಧಿ ಮುಗಿಯದೆ ಕಾರು ತೆಗೆಸುವ ಹಾಗಿಲ್ಲ."

"ಪಾಪ, ಸತ್ತಿರಬೇಕು," ಎಂದರು ನನ್ನವರು. ನಾಲಗೆ ಆಗಿನ್ನೂ ಎಳೆಯುತ್ತಿತ್ತು. "ಸತ್ತವನ ಹತ್ತಿರ ಜಾಗಕ್ಕೆ ಜಗಳ ಮಾಡ್ತೀಯಾ ಮಾರಾಯ್ತಿ?"

ಜಗಳ ಮಾಡದೆ ಏನು ಮಾಡಲಿ? ನಮ್ಮ ಕಾರಿನ ಜಾಗ ಆಚೆ ಗೋಡೆಯ ಹತ್ತಿರ. ಅಲ್ಲಿಂದ ಕಾಲೆಳೆದುಕೊಂಡು ಬರುವಾಗ ಅವರು ಒಮ್ಮೆ ಬಿದ್ದಿದ್ದರು. ಇನ್ನೊಮ್ಮೆ ಬಿದ್ದರೆ ಮತ್ತೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಫಿಸಿಯೋಥೆರಪಿ ಮುಗಿಸಿ ಬರುವ ಸಂಜೆಗಳಲ್ಲಿ, ಆ ಬಿಳಿ ಕಾರಿಗೆ ಒರಗಿ ಅವರು ದಣಿವಾರಿಸಿಕೊಳ್ಳುತ್ತಿದ್ದರು. ಆ ನೆಲಮಾಳಿಗೆಯಲ್ಲಿ ದೀಪಗಳು ಯಾರಾದರೂ ಕೆಳಗೆ ಬಂದರೆ ಮಾತ್ರ ಹೊತ್ತಿಕೊಳ್ಳುವಂಥವು. ಆ ಕಾರಿನ ಮೇಲಿನದು ಮಾತ್ರ ನಾವು ದೂರದಲ್ಲಿರುವಾಗಲೇ ಹೊತ್ತಿಕೊಳ್ಳುತ್ತಿತ್ತು.

ನಮ್ಮ ಮಂಗಳೂರಿನ ಕ್ರಿಸ್ತುವರ ಮನೆಗಳಲ್ಲಿ ಜಪಮಾಲೆಯ ಕೊನೆಗೆ, ಕೇಳುವವರಿಲ್ಲದ ಆತ್ಮಗಳಿಗೂ ಒಂದು ಪ್ರಾರ್ಥನೆ ಹೇಳುತ್ತೇವೆ. ಅದನ್ನೇ ಆ ಕಾರಿನ ಬಳಿ ನಿಂತು ಹೇಳತೊಡಗಿದೆ. ಮುಗಿದಾಗ ಜಪಮಾಲೆಯ ಶಿಲುಬೆಯಿಂದ ಅದರ ಗಾಜಿಗೆ ಮೆಲ್ಲಗೆ ತಟ್ಟುತ್ತಿದ್ದೆ. ಹೇಳಿದ್ದು ಮುಟ್ಟಲಿ ಎಂದು. ಸತ್ತವರ ತಿಂಗಳಾದ ನವೆಂಬರಿನಲ್ಲಿ ಚರ್ಚಿನಲ್ಲಿ ಅವನಿಗಾಗಿ ಒಂದು ಪೂಜೆಯನ್ನೂ ಹೇಳಿಸಿದೆ.

ಆ ಕ್ರಿಸ್ಮಸ್ಸಿಗೆ ಮುಂಚೆ ಒಂದು ಸಂಜೆ ನಾವು ಆ ಕಾರಿನ ಬಳಿ ನಿಂತಿದ್ದಾಗ ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಗಾಲಿಕುರ್ಚಿಯಲ್ಲಿ ಒಬ್ಬ ತೆಳ್ಳಗಿನ ಗಂಡಸು, ಹಿಂದೆ ಅದನ್ನು ತಳ್ಳುತ್ತಿದ್ದ ಹೆಂಡತಿ. ಅವನು ಬಿಳಿ ಕಾರಿನ ಕಡೆ ಕೀಲಿ ಚಾಚಿದ. ನನ್ನವರ ಕೈ ಇನ್ನೂ ಅದರ ಬಾನೆಟ್ಟಿನ ಮೇಲೆಯೇ ಇತ್ತು.

"ಇದು ನಿಮ್ಮದಾ?" ಎಂದೆ.

"ನಮ್ಮದೇ ಬಾಯಮ್ಮ," ಎಂದ ಅವನು, ನನ್ನ ಕೈಯ ಜಪಮಾಲೆ ನೋಡಿ. ಕ್ರಿಸ್ತುವರ ಹೆಂಗಸರನ್ನು ನಮ್ಮ ಕಡೆ ಕರೆಯುವುದು ಹಾಗೆ. "ನಮ್ಮದು ಉಡುಪಿ. ಇಲ್ಲಿಂದ ನನ್ನನ್ನು ಸ್ಟ್ರೆಚರಿನಲ್ಲೇ ವಿಮಾನ ಹತ್ತಿಸಿದ್ರು. ಊರಿನ ಆಸ್ಪತ್ರೆಯಲ್ಲಿ ಗಾಜಿನ ಕೋಣೆಯಲ್ಲಿ ಬಿದ್ದಿದ್ದೆ, ಪ್ರಜ್ಞೆ ಇಲ್ಲ. ಆದರೆ ಒಂದು ಶಬ್ದ ಮಾತ್ರ ಕೇಳ್ತಿತ್ತು. ಗಾಜಿನ ಹೊರಗೆ ನಿಂತು ಯಾರೋ ಟಕ್ ಟಕ್ ಅಂತ ಬಡಿಯೋದು."

"ಇವರಿಗೆ ಅದೇ ಹುಚ್ಚು," ಎಂದಳು ಹೆಂಡತಿ. "ಅಲ್ಲಿ ಹೊರಗೆ ಇದ್ದದ್ದು ನಾನೊಬ್ಬಳೇ. ನಾನು ಬಡಿದದ್ದಿಲ್ಲ."

ನನಗೆ ಸುಮ್ಮನಿರಲು ಆಗಲಿಲ್ಲ. ಎಲ್ಲ ಹೇಳಿದೆ, ಸತ್ತವರ ಪ್ರಾರ್ಥನೆ, ಪೂಜೆ, ಶಿಲುಬೆ. ಅವನು ಕೈ ಚಾಚಿ ಕಾರಿನ ಗಾಜನ್ನು ಮುಟ್ಟಿ ನೋಡಿದ.

"ಬದುಕಿರುವಾಗಲೇ ನನ್ನನ್ನು ಸ್ವರ್ಗಕ್ಕೆ ಕಳಿಸಲಿಕ್ಕೆ ಹೊರಟಿದ್ರಲ್ಲ!" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಬಡಿಯೋದು ನಿಂತರೆ ನಾನು ಹೋದೆ ಅಂತಲೇ ಅನಿಸ್ತಿತ್ತು ಬಾಯಮ್ಮ. ಈಗ ಕಾರು ಮಾರಿ ಊರಿಗೆ ಹೊರಟೆವು. ಈ ಜಾಗ ನಿಮಗಾಗ್ತದೆ."

ಹೊಸ ವರ್ಷಕ್ಕೆ ಕಟ್ಟಡದವರು ಆ ಜಾಗ ನಮಗೆ ಕೊಟ್ಟರು. ನನ್ನವರು ಮತ್ತೆ ಬೀಳಲಿಲ್ಲ. ನಾನು ಮೊಣಕಾಲೂರಿ ಧನ್ಯವಾದ ಹೇಳಿದೆ.

ಮೊನ್ನೆ ಸಂಜೆ ಅಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಮೇಲಿನ ದೀಪ ಹೊತ್ತಿಕೊಂಡಿತು. ನನ್ನವರ ಪಕ್ಕದ ಗಾಜಿನ ಮೇಲೆ, ಟಕ್ ಟಕ್.

ಹೊರಗೆ ಯಾರೂ ಇರಲಿಲ್ಲ.

"ನಿನಗೂ ಕೇಳಿತಾ?" ಎಂದರು.

ಎಲ್ಲಿ, ಯಾವ ಗಾಜಿನ ಮುಂದೆ, ನಾವು ತೀರಿಕೊಂಡೆವೆಂದುಕೊಂಡು ಯಾರು ನಿಂತಿದ್ದಾರೋ. ನಾನು ಜಪಮಾಲೆ ತೆಗೆದು, ನಾವಿನ್ನೂ ಇದ್ದೇವೆ ಎಂದು ತಿಳಿಯಲಿ ಅಂತ, ಒಳಗಿನಿಂದ ತಟ್ಟಿದೆ.