ಮಣ್ಣಿನ ಗೋಡೆ ಗುಂಡು ತಡೆಯುತ್ತದೆ ಎಂದಿದ್ದೆ

ಜನವರಿ ಇಪ್ಪತ್ತೊಂದು, ಬೆಳಿಗ್ಗೆ ಆರೂ ಹತ್ತು. ಶಿಬಿರದ ಉಳಿದ ಮೂವರು ಗಸ್ತಿಗೆ ಹೋಗಿದ್ದಾರೆ. ಇವತ್ತು ಅಡುಗೆಯ ಸರದಿ ನನ್ನದು. ಅನ್ನಕ್ಕೆ ಇಟ್ಟು ಬಂದು ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ನಾನು ಬಂಡೀಪುರದ ಕಾಡಂಚಿನ ಕಾವಲು ಶಿಬಿರವೊಂದರಲ್ಲಿ ಗಾರ್ಡ್. ಕೆಲಸಕ್ಕೆ ಸೇರಿ ಎರಡು ವರ್ಷ ದಾಟಿದೆ. ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಯಾವ ದಿನ ಎಷ್ಟು ಆನೆ ಕಂದಕ ದಾಟಿದವು, ಎಷ್ಟು ಪಟಾಕಿ ಹೊಡೆದೆವು, ಎಷ್ಟು ಗುಂಡು ಖರ್ಚಾಯಿತು, ಎಲ್ಲ. ಜೊತೆಯವರು ನನ್ನನ್ನು ಶಾನುಭೋಗ ಎಂದು ಕರೆಯುತ್ತಾರೆ. ಅವರು ಹಾಗೆ ಕರೆಯುವುದು ನನಗೆ ಇಷ್ಟವಾಗಿತ್ತು. ಲೆಕ್ಕ ಇಟ್ಟವನಿಗೆ ವಿಷಯ ಗೊತ್ತಿರುತ್ತದೆ ಎಂದು ನಾನೂ ನಂಬಿಬಿಟ್ಟಿದ್ದೆ.

ಡಿಸೆಂಬರ್ ಹನ್ನೆರಡರ ಮುಸ್ಸಂಜೆ ಭೀಮನಬೀಡಿನ ಕಡೆಯ ಹೊಲಗಳಿಗೆ ಎರಡು ಆನೆ ಇಳಿದಿದ್ದವು. ಅವರೆ ಕಾಯಿ ಬಿಟ್ಟಿತ್ತು, ಬಾಳೆಯೂ ಇತ್ತು. ಪಟಾಕಿಗೆ ಅವು ಜಗ್ಗಲಿಲ್ಲ. ನಮ್ಮಲ್ಲೊಬ್ಬ ಕಂದಕದ ಏರಿಯ ಮೇಲೆ ನಿಂತು ಆಕಾಶಕ್ಕೆ ಗುಂಡು ಹಾರಿಸಲು ಹೋದ. ಅಷ್ಟರಲ್ಲಿ ಅವನ ಕಾಲು ಜಾರಿತು. ಗುಂಡು ತಗ್ಗಿನಲ್ಲಿ ಹಾರಿ, ಹೊಲದ ಆಚೆಗಿದ್ದ ಒಂಟಿ ಮನೆಯ ಅಂಗಳದ ನುಗ್ಗೆಮರದ ಕೊಂಬೆ ಮುರಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾತು ಚೆನ್ನಾಗಿ ಬರುತ್ತದೆಂದು ಮರುದಿನ ಬೆಳಿಗ್ಗೆ ಅಲ್ಲಿಗೆ ನನ್ನನ್ನು ಕಳಿಸಿದರು.

ಆ ಮನೆಯಲ್ಲಿ ಒಬ್ಬ ಅವ್ವ ಇದ್ದರು. ಅವರ ಮಗಳು ಹೆರಿಗೆಗೆ ಬಂದವಳು, ಮಗು ಹುಟ್ಟಿ ಇನ್ನೂ ವಾರವಷ್ಟೇ ಆಗಿತ್ತು. ಅವ್ವ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ನನ್ನನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ.

“ಆನ ಓಡ್ಸಕ್ ಬಂದವ್ರು ನಮ್ಮನ್ನೇ ಓಡುಸ್ಬುಡಿ. ಕಾಡು ಪೂರಾ ನಿಮ್ಗೇ ಆಯ್ತದ” ಎಂದರು.

ನಾನು ತಪ್ಪಾಯಿತು ಎಂದೆ. ಇನ್ನು ಮುಂದೆ ಗುಂಡಿನ ಸದ್ದು ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಬಾಗಿಲಿನಿಂದ ದೂರದ ಗೋಡೆಯ ಬದಿ ಇರಿ ಎಂದೂ ಹೇಳಿದೆ.

“ಈ ಮಣ್ಣ್ ಗ್ವಾಡ ತಡೀತದಾ?”

“ತಡೀತದೆ ಅವ್ವ. ನಮ್ಮ ಫೈರಿಂಗ್ ಜಾಗದಲ್ಲಿ ಗುಂಡು ತಡೆಯೋದೇ ಮಣ್ಣು. ಅಲ್ದೆ ಏರಿಯಿಂದ ಇಲ್ಲಿಗೆ ಬರೋ ಹೊತ್ತಿಗೆ ಗುಂಡಿನ ಜೋರೂ ಕಮ್ಮಿಯಾಗಿರ್ತದೆ.”

ಹೀಗೆ ಹೇಳುವಾಗ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಆ ಗೋಡೆಯ ಒಳಮೈಯನ್ನು ನಾನು ನೋಡಿಯೂ ಇರಲಿಲ್ಲ. ಬಾಣಂತಿ ಇರುವ ಕಡೆಗೆ ಹೊರಗಿನ ಗಂಡಸರು ಹೋಗುವಂತಿಲ್ಲ. ಹೊರಗಿನಿಂದಲೇ ಅಂಗೈಯಲ್ಲಿ ತಟ್ಟಿ, ಗಟ್ಟಿಯಾಗಿದೆ ಎಂದು ತೀರ್ಪು ಕೊಟ್ಟೆ. ಅವ್ವ ಬಚ್ಚಲು ಕಟ್ಟಿ ಉಳಿದಿದ್ದ ಹಸಿ ಇಟ್ಟಿಗೆಗಳನ್ನು ತೋರಿಸಿದರು. “ಗ್ವಾಡ್ಗೂ ಇದೇ ಮಣ್ಣು ಕಣಪ್ಪ. ಬೇಕಾರ ತಕ್ಕೊಂಡೋಗಿ ಹೊಡ್ದ್ ನೋಡು.”

ಗುಂಡು ಸಿಕ್ಕಿಕೊಂಡ ಇಟ್ಟಿಗೆಯನ್ನೇ ತಂದು ತೋರಿಸುತ್ತೇನೆ ಎಂದು ಹೇಳಿ, ಎಂಟು ಇಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ನಮ್ಮ ವಾರ್ಷಿಕ ಗುರಿ ಅಭ್ಯಾಸ ಇದ್ದದ್ದು ಜನವರಿ ಹದಿನೇಳಕ್ಕೆ, ಚಾಮರಾಜನಗರದ ಹೊರಗೆ, ಪಾಳುಬಿದ್ದ ಕರಿಕಲ್ಲಿನ ಕ್ವಾರಿಯ ಪಕ್ಕ. ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ಚೀಲವನ್ನು ಕಾಲಲ್ಲಿ ಮುಟ್ಟಿ ನೋಡಿ, “ಏನ್ ಸಾ, ಡ್ಯೂಟಿನೋ ಮನ ಕಟ್ಟಾದೋ?” ಎಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ.

ಅಲ್ಲಿ ನಮಗೆ ಗುರಿ ಕಲಿಸುವವರು ನಿವೃತ್ತಿಗೆ ಹತ್ತಿರವಾದ ಒಬ್ಬ ಮೇಷ್ಟ್ರು. ಅಭ್ಯಾಸ ಮುಗಿದ ಮೇಲೆ ಉಳಿದ ಗುಂಡುಗಳಲ್ಲಿ ಕೆಲವನ್ನು ನನ್ನ ಇಟ್ಟಿಗೆಗಳ ಮೇಲೆ ಹೊಡೆಯಲು ಒಪ್ಪಿದರು. ಗೋಡೆಯಷ್ಟೇ ದಪ್ಪ ಬರುವಂತೆ ಎರಡೆರಡು ಇಟ್ಟಿಗೆ ಜೋಡಿಸಿದೆ. ದಾಟಿದರೆ ಗೊತ್ತಾಗಲಿ ಎಂದು ಹಿಂದೆ ಸಿಲ್ವರ್ ಓಕ್ ಮರದ ಹಲಗೆ ನಿಲ್ಲಿಸಿದೆ.

ಮೊದಲು ಹನ್ನೆರಡು ಬೋರಿನ ಬಂದೂಕಿನ ಚರೆ ತೋಟೆ, ಒಳಗೆ ಸೀಸದ ಸಣ್ಣ ಕಾಳು ತುಂಬಿದ್ದು. ಇಟ್ಟಿಗೆಯ ಮುಖವೆಲ್ಲ ಸಿಡುಬಿನ ಕಲೆಯಂತಾಯಿತು, ಹಲಗೆಗೆ ಏನೂ ತಾಗಿರಲಿಲ್ಲ. ಆಮೇಲೆ ತ್ರೀ ಫಿಫ್ಟೀನ್ ರೈಫಲ್, ಮೂತಿಯಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡು. ಮುಂದಿನ ಇಟ್ಟಿಗೆ ಪುಡಿಯಾಯಿತು, ಹಿಂದಿನದು ಬಿರಿಯಿತು, ಸೀಸ ಚಪ್ಪಟೆಯಾಗಿ ಅಲ್ಲೇ ಬಿತ್ತು. ಅಲ್ಲಿಯವರೆಗೆ ನಾನು ಬೀಗುತ್ತಲೇ ಇದ್ದೆ.

ಮೂರನೆಯದು ಹಳೆಯ ತ್ರೀ ನಾಟ್ ತ್ರೀ. ಇದರ ಗುಂಡಿಗೆ ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆ ಇರುತ್ತದೆ. ನುಗ್ಗೆಕೊಂಬೆ ಮುರಿದದ್ದು ಇಂಥದ್ದೇ ಗುಂಡು. ಅದು ಎರಡೂ ಇಟ್ಟಿಗೆ ದಾಟಿ, ಹಲಗೆಯನ್ನೂ ದಾಟಿ, ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಯಿತು.

ಹತ್ತಿರದಿಂದ ಹೊಡೆದದ್ದಕ್ಕೆ ಹೀಗಾಯಿತು ಎಂದೆ. ಮೇಷ್ಟ್ರು ದುಪ್ಪಟ್ಟು ದೂರಕ್ಕೆ ನಡೆದು, ಇನ್ನೊಂದು ಜೋಡಿಗೆ ಅಲ್ಲಿಂದ ಹೊಡೆದರು. ಅದೂ ದಾಟಿತು. ತೂತು ಮೊದಲಿನದಕ್ಕಿಂತ ಚೊಕ್ಕವಾಗಿತ್ತು.

“ದೂರ ಓದ್ರ ಸುಸ್ತಾಯ್ತದ ಅನ್ಕಂಡಿದ್ಯೇನ್ಲಾ? ಗೋಪಾಲಸ್ವಾಮಿ ಬೆಟ್ಟ ಹತ್ತೋ ಮುದುಕನ್ಲಾ ಅದು?”

ನಾನು ದಿಬ್ಬದ ಕಡೆ ನೋಡಿದೆ. ಅದು ಎರಡಾಳುದ್ದದಷ್ಟು ದಪ್ಪವಿತ್ತು. ಎರಡು ವರ್ಷದಿಂದ ಅದರ ಮುಂದೆ ಮಲಗಿ ಗುರಿ ಹಿಡಿದಿದ್ದೇನೆ. ಮಣ್ಣು ತಡೆಯುತ್ತದೆ ಎಂದು ನಂಬಿದ್ದೆನೇ ಹೊರತು ಎಷ್ಟು ಮಣ್ಣು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಂದು ಸಂಜೆಯೇ ಆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮರುದಿನವೂ ಅದರ ಮರುದಿನವೂ ಗಸ್ತಿನಲ್ಲಿ ಕಂದಕದ ಆಚೆ ಬದಿಯಿಂದಲೇ ನಡೆದೆ. ಆ ಕಡೆಯಿಂದ ನಡೆದರೆ ಆ ಮನೆ ಕಾಣುವುದಿಲ್ಲ. ತ್ರೀ ನಾಟ್ ತ್ರೀ ನಮ್ಮ ಶಿಬಿರದಲ್ಲೇ ಇತ್ತು. ಆನೆ ಯಾವ ಸಂಜೆ ಬೇಕಾದರೂ ಇಳಿಯಬಹುದಿತ್ತು.

ನಿನ್ನೆ ಹತ್ತು ಗಂಟೆಗೆ ಹೋದೆ. ಅವ್ವ ನನ್ನ ಬರಿಗೈ ನೋಡಿದರು.

“ಎಲ್ಲಪ್ಪ ಇಟ್ಟಿಗ?”

“ತಡೀಲಿಲ್ಲ ಅವ್ವ. ಆವತ್ತು ಬಂದ ಗುಂಡಿನಂಥದ್ದು ದಾಟ್ಬುಡ್ತು.”

ಒಳಗಿನಿಂದ ಮಗಳ ದನಿ ಬಂತು. “ಅವ್ವ, ಈ ಅಣ್ಣ ಯೋಳ್ದ ಅಂತ ತಾನೆ ಮಂಚ ಆ ಮೂಲ್ಗ ಸರುಸ್ದೊ?”

ನನ್ನ ಮಾತು ಕೇಳಿದ ದಿನವೇ ಅವರು ನಡುಮನೆಯಲ್ಲಿದ್ದ ಮಂಚವನ್ನು ಬಾಗಿಲಿನಿಂದ ದೂರವಿದ್ದ ಮೂಲೆಗೆ ಎಳೆದಿದ್ದರು. ಆ ಮೂಲೆಯ ಗೋಡೆ ಕಂದಕಕ್ಕೆ ಎದುರಾಗಿದೆ. ಒಂದು ತಿಂಗಳಿಗೂ ಹೆಚ್ಚು ಕಾಲ ತಾಯಿಯೂ ಕೂಸೂ ಅಲ್ಲೇ ಮಲಗಿದ್ದರು.

ಅವ್ವ ಮಗಳನ್ನೂ ಕೂಸನ್ನೂ ಅಡುಗೆಮನೆಗೆ ಕಳಿಸಿ, ಮಂಚ ಹಿಡಿಯಲು ನನ್ನನ್ನು ಒಳಗೆ ಕರೆದರು. ಸಾಂಬ್ರಾಣಿಯ ಹೊಗೆಯ ವಾಸನೆ ಇತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದೆ. ಮಂಚದ ತಲೆದೆಸೆಗೆ ಸರಿಯಾಗಿ, ಗೋಡೆಯಲ್ಲಿ ದೀಪದ ಗೂಡು ಕೊರೆದಿದ್ದರು. ಅದರ ಹಿಂದೆ ಉಳಿದಿದ್ದ ಗೋಡೆ ನಾಲ್ಕು ಬೆರಳು ದಪ್ಪವಿರಬಹುದು. ಅಲ್ಲಿಗೆ ಬಡಿದರೆ ಉಳಿದ ಎರಡು ಬಗೆಯ ಗುಂಡುಗಳನ್ನೂ ಅದು ತಡೆಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಹೊರಗಿನಿಂದ ತಟ್ಟಿದಾಗ ನನ್ನ ಅಂಗೈ ಅದರ ಪಕ್ಕದಲ್ಲೆಲ್ಲೋ ಬಿದ್ದಿತ್ತು.

ಮಂಚವನ್ನು ಎರಡು ಒಳಗೋಡೆಗಳ ನಡುವೆ ಇಟ್ಟೆವು. ಕಂದಕದ ಕಡೆಗೆ ರಾಗಿ ಚೀಲಗಳನ್ನು ಎದೆಯೆತ್ತರ ಪೇರಿಸಿದೆ. ಅವ್ವ ಬೈಯಲಿಲ್ಲ. ಮಜ್ಜಿಗೆ ಕೊಟ್ಟರು. ನಾನು ಲೋಟ ಕೆಳಗಿಟ್ಟ ಮೇಲೆ ಕೇಳಿದರು. “ಗೊತ್ತಿಲ್ಲ ಅನ್ನಕ್ಕ ಆವತ್ತು ಏನಾಗಿತ್ ಮಗ ನಿಂಗ?”



ಸಂಜೆ ಶಿಬಿರದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆ ಏರಿಗೆ ಇನ್ನು ರೈಫಲ್ ಒಯ್ಯುವುದಿಲ್ಲ, ಪಟಾಕಿ ಮತ್ತು ಚರೆ ತೋಟೆ ಮಾತ್ರ ಎಂದು ತೀರ್ಮಾನವಾಯಿತು. ಚರೆ ತೋಟೆಯನ್ನೂ ಆ ಮನೆಯ ದಿಕ್ಕಿಗೆ ಬೆನ್ನು ಹಾಕಿಯೇ ಹಾರಿಸಬೇಕು. ಅಂಥ ಒಂಟಿ ಮನೆಗಳು ನಮ್ಮ ಗಸ್ತಿನಲ್ಲಿ ಇನ್ನೂ ಹನ್ನೊಂದು ಇವೆ. ಅವುಗಳಲ್ಲಿ ನಾಲ್ಕರಲ್ಲಿ ಇದೇ ಬುದ್ಧಿವಾದ ಹೇಳಿ ಬಂದಿದ್ದೇನೆ. ಇವತ್ತು ಊಟವಾದ ಮೇಲೆ ಅಲ್ಲಿಗೆಲ್ಲ ಹೋಗಬೇಕು.

ಹೊರಡುವಾಗ ಅವ್ವ ರಾಗಿ ಚೀಲಗಳನ್ನು ತೋರಿಸಿ, ಇದಾದರೂ ತಡೆಯುತ್ತದಾ ಎಂದು ಕೇಳಿದ್ದರು. ಗೊತ್ತಿಲ್ಲ ಅವ್ವ ಎಂದೆ. ನಿಜವಾಗಿಯೂ ಗೊತ್ತಿಲ್ಲ. ತುಂಬಿದ ರಾಗಿ ಚೀಲ ತ್ರೀ ನಾಟ್ ತ್ರೀ ಗುಂಡನ್ನು ನಿಲ್ಲಿಸುತ್ತದೆಯೇ, ಒಂದು ಸಾಲು ಸಾಕೇ, ಎರಡು ಬೇಕೇ? ದೂರದಿಂದ ಹೊಡೆದಾಗ ತೂತು ಇನ್ನೂ ಚೊಕ್ಕವಾದದ್ದು ಯಾಕೆ? ಸೇನೆಯಲ್ಲೋ ಪೊಲೀಸ್ ಕೆಲಸದಲ್ಲೋ ಇದ್ದು ಇದನ್ನು ಕಣ್ಣಾರೆ ಕಂಡವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅಂದಾಜು ಬೇಡ. ಕೂಸು ಈಗ ಆ ಚೀಲಗಳ ಹಿಂದೆ ಮಲಗುತ್ತಿದೆ.