ಏಳು ದೇಶ ಬೇಡ, ಒಂದು ಸೇತುವೆ ಸಾಕು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಕೊತ್ತಂಬರಿ, ಮೆಂತೆ ಹುರಿಯುವ ಪರಿಮಳ ಬಂತು. ಹುರಿಯುತ್ತಿದ್ದವರು ನನ್ನ ಗಂಡ. ಮಣಿಪಾಲದ ಈ ಮನೆಗೆ ಬಂದ ಮೇಲೆ ಕಾಫಿಗೆ ನೀರು ಕೂಡ ಇಡದವರು ತಾವಾಗಿ ಬಾಣಲೆ ಇಟ್ಟಿದ್ದಾರೆಂದರೆ ಕಾರಣ ದೊಡ್ಡದೇ ಇರಬೇಕೆಂದು ನೀವು ಊಹಿಸಿರುತ್ತೀರಿ. ನಾವು ಯುರೋಪಿಗೆ ಹೋಗುವವರಿದ್ದೆವು. ವೀಸಾ ಇನ್ನೂ ಆಗಿರಲಿಲ್ಲ, ಸಾರಿನ ಪುಡಿ ಆಗುತ್ತಿತ್ತು. ಉಡುಪಿ ಕಡೆಯವರ ಪ್ರವಾಸ ಶುರುವಾಗುವುದೇ ಹೀಗೆ.

ಹೋಗುವ ಆಸೆ ನನ್ನದು, ಅದೂ ಒಂದೇ ಊರಿಗೆ. ಪ್ರಾಗ್ ಎಂಬ ಹಳೆಯ ನಗರದಲ್ಲಿ ಹೊಳೆಗೆ ಅಡ್ಡಲಾಗಿ ಕಲ್ಲಿನ ಸೇತುವೆಯೊಂದಿದೆ. ಅದರ ಮೇಲೆ ವಾಹನ ಬಿಡುವುದಿಲ್ಲ. ಜನ ನಡೆಯುತ್ತಾರೆ, ನಿಲ್ಲುತ್ತಾರೆ, ಕೆಳಗಿನ ನೀರು ನೋಡುತ್ತಾರೆ. ನಾನು ಹುಟ್ಟಿದ ಉದ್ಯಾವರದಲ್ಲೂ ಹೊಳೆಯಿದೆ, ಸೇತುವೆಯಿದೆ. ಆದರೆ ಹೆದ್ದಾರಿಯ ಲಾರಿಗಳ ನಡುವೆ ಅಲ್ಲಿ ನಿಂತು ನೀರು ನೋಡುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ನಾಲ್ಕು ದಿನ ಹೋಗಿ ಆ ಸೇತುವೆಯ ಮೇಲೆ ಸುಮ್ಮನೆ ಇದ್ದು ಬರೋಣ ಎಂದಿದ್ದೆ. ಇವರು ಉಡುಪಿಯ ಟ್ರಾವೆಲ್ಸ್‌ಗೆ ಹೋಗಿ ಏಳು ದೇಶಗಳ ಪ್ಯಾಕೇಜ್ ಹಿಡಿದುಕೊಂಡು ಬಂದರು. ಅದರಲ್ಲಿ ಪ್ರಾಗ್‌ಗೆ ಸಿಕ್ಕಿದ್ದು ಒಂದು ಮಧ್ಯಾಹ್ನ.

"ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬರ್ಲಿಕ್ಕೆ ನಮಗೆ ಮರುಳಾ? ಇದರಲ್ಲಿ ನಮ್ಮ ಊಟವೂ ಉಂಟು ಮಾರಾಯ್ತಿ" ಎಂದರು. ಹಾಗಾದರೆ ಇವತ್ತಿನ ಈ ಸಾರಿನ ಪುಡಿ ಯಾಕೆ ಎಂದು ನಾನು ಕೇಳಲಿಲ್ಲ.

ನನ್ನ ಅಪ್ಪನೂ ಇಂಥವರೇ. ಪ್ರತಿ ಬೇಸಿಗೆ ರಜೆಯಲ್ಲಿ ವ್ಯಾನು ಗೊತ್ತುಮಾಡಿ, ನೆಂಟರನ್ನೆಲ್ಲ ತುಂಬಿಸಿ, ಒಂದೇ ದಿನದಲ್ಲಿ ಕಾಪುವಿನ ಲೈಟ್‌ಹೌಸ್, ಕಾರ್ಕಳದ ಗೊಮ್ಮಟ, ಪೆರ್ಡೂರಿನ ದೇವಸ್ಥಾನ ಎಲ್ಲ ಮುಗಿಸುತ್ತಿದ್ದರು. ನಮ್ಮ ಕಾಲು ನೆಲಕ್ಕೆ ತಾಗುವ ಮೊದಲೇ "ನೋಡಿ ಆಯ್ತಲ್ಲ, ಹತ್ತಿ" ಎನ್ನುತ್ತಿದ್ದರು. ಲೈಟ್‌ಹೌಸನ್ನಂತೂ ನಾವು ವ್ಯಾನಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಅಂಥದೊಂದು ವರ್ಷ ಗೊಮ್ಮಟನ ಎದುರು ಅಮ್ಮ ಕೂತುಬಿಟ್ಟಳು. ನಸುಕಿನಲ್ಲೆದ್ದು ವ್ಯಾನಿನವರಿಗೆಲ್ಲ ಚಿತ್ರಾನ್ನ, ಮೊಸರನ್ನ ಕಟ್ಟಿದವಳು ಅವತ್ತು ನೆಮ್ಮದಿಯಿಂದ ಕೂತದ್ದು ಅದೇ ಮೊದಲು.

"ಏಳು, ಪೆರ್ಡೂರಿನ ಮಧ್ಯಾಹ್ನದ ಪೂಜೆ ತಪ್ತದೆ. ಇನ್ನೆಂತ ಉಂಟು ನೋಡ್ಲಿಕ್ಕೆ?" ಎಂದರು ಅಪ್ಪ.

"ನೀವು ಹೋಗಿ. ನನಗೆ ನೋಡಿ ಆಗ್ಲಿಲ್ಲ."

"ವ್ಯಾನು ಕಾಯುವುದಿಲ್ಲ."

"ಕಾಯುವುದು ಬೇಡ."

ವ್ಯಾನು ಹೋಯಿತು. ನಾನು ಅಮ್ಮನ ಸೆರಗು ಹಿಡಿದು ಉಳಿದೆ. ಪ್ರೀತಿಯಿಂದ ಎಂದುಕೊಳ್ಳಬೇಡಿ, ವ್ಯಾನಿನಲ್ಲಿ ನನಗೆ ವಾಂತಿ ಬರುತ್ತಿತ್ತು. ಗೊಮ್ಮಟನ ಮೈಗೆ ಸುತ್ತಿದ ಬಳ್ಳಿಯನ್ನು ಅಮ್ಮ ಕಾಲಿನಿಂದ ತೋಳಿನವರೆಗೆ ನಿಧಾನವಾಗಿ ನೋಡಿದಳು. ನೆರಳು ಸರಿದಂತೆ ತಾನೂ ಸರಿದು ಕೂತು ಮತ್ತೆ ನೋಡಿದಳು. ನನಗೆ ಬೇಸರ ಬಂತು, ಬಂದ ಬೇಸರ ಹೋಯಿತು, ಕೊನೆಗೆ ನಾನೂ ನೋಡತೊಡಗಿದೆ. ಸಂಜೆ ಬಸ್ಸಿನಲ್ಲಿ ಮನೆಗೆ ಬಂದೆವು.

ಆಮೇಲೆ ಅಪ್ಪನ ಮನಸ್ಸು ಕರಗಿತೆಂದು ನೀವು ಎಣಿಸಿದ್ದರೆ ಬಿಟ್ಟುಬಿಡಿ. ಮರುವರ್ಷದಿಂದ ಅವರು ಅಮ್ಮನನ್ನು ವ್ಯಾನಿಗೆ ಕರೆಯಲೇ ಇಲ್ಲ. ಬುತ್ತಿ ಮಾತ್ರ ಅವಳೇ ಕಟ್ಟಬೇಕಿತ್ತು. ನೆಂಟರ ಬಾಯಲ್ಲಿ ಅವಳ ಹಠದ ಕತೆ ವರ್ಷಗಟ್ಟಲೆ ಓಡಾಡಿತು. ದೊಡ್ಡವಳಾದ ಮೇಲೆ ನಾನೊಮ್ಮೆ ಕೇಳಿದೆ, "ಅವತ್ತು ಎದ್ದು ಬಂದಿದ್ರೆ ಎಷ್ಟು ಊರು ನೋಡ್ಬಹುದಿತ್ತು, ಅಲ್ವಾ ಅಮ್ಮ?"

"ನಾನು ಒಂದಾದ್ರೂ ನೋಡಿದ್ದೇನೆ. ಅವರು ಎಂತ ನೋಡಿದ್ದಾರೆ, ಕೇಳು" ಎಂದಳು.

ಸಾಯುವವರೆಗೂ ಅವಳು ಇನ್ನೊಂದು ಊರು ನೋಡಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟನ್ನು ಮುಚ್ಚಿಡುವ ಮನಸ್ಸೂ ಇಲ್ಲ.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿಯ ಸದ್ದು ನಿಂತಿತ್ತು. ನಾನು ಟ್ರಾವೆಲ್ಸ್‌ನವರಿಗೆ ಫೋನು ಮಾಡಿ, ಪ್ಯಾಕೇಜಿನಿಂದ ನನ್ನ ಹೆಸರು ತೆಗೆಯಿರಿ, ಪ್ರಾಗ್‌ಗೆ ಒಬ್ಬರಿಗೆ ಟಿಕೆಟ್ ನೋಡಿ ಎಂದೆ.

"ಒಬ್ಬರೇ ಹೋಗ್ತೀರಾ ಮೇಡಂ? ಮತ್ತೆ ಸರ್?"

"ಸರ್ ಏಳು ದೇಶ ನೋಡಿ ಬರ್ತಾರೆ."

ಇವರು ಚಮಚ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಈ ವಯಸ್ಸಿನಲ್ಲಿ ಒಬ್ಬಳೇ ಹೋದರೆ ಜನ ಏನು ಹೇಳುತ್ತಾರೆ ಎಂದರು. ಹೇಳಲಿ ಎಂದೆ. ದಾರಿ ತಪ್ಪಿದರೆ ಎಂದರು. ಕೇಳಿಕೊಂಡು ಬರುತ್ತೇನೆ ಎಂದೆ. ಆಮೇಲೆ ನಿಜವಾದ ಗಾಬರಿಯಿಂದಲೇ ಕೇಳಿದರು:

"ಹಾಗಾದ್ರೆ ಅಲ್ಲೆಲ್ಲ ನನ್ನ ಫೋಟೋ ತೆಗೆಯುವುದು ಯಾರು?"

ಇಷ್ಟು ವರ್ಷ ನಾವು ಹೋದ ಊರುಗಳಲ್ಲೆಲ್ಲ ನಾನು ನೋಡಿದ್ದು ಊರಿಗೆ ಅಡ್ಡ ನಿಂತ ಇವರನ್ನೇ ಎಂಬುದು ಆಗ ಹೊಳೆಯಿತು. "ಯಾರಾದ್ರೂ ಸಿಗ್ತಾರೆ, ಕೇಳಿ ನೋಡಿ" ಎಂದು ಹೇಳಿ, ನನ್ನ ಪಾಸ್‌ಪೋರ್ಟ್ ಹುಡುಕಲು ಒಳಗೆ ಹೋದೆ.