ಶ್ರೀಖಂಡದೊಳಗಿನ ಲಿಂಬಿಹಣ್ಣು

ನಮ್ಮ ಮನೆಯ ಶ್ರೀಖಂಡದ ರುಚಿ ಆಯಿಯ ಕೈಗುಣ ಎಂದು ಬಂದವರೆಲ್ಲ ಹೇಳುತ್ತಾರೆ. ಆಯಿ ಎಂದರೆ ಅಪ್ಪನ ತಾಯಿ. ಕೈಗುಣ! ಕಾರಣ ಹುಡುಕುವ ತ್ರಾಸು ಬೇಡವೆಂದಾಗ ಜನ ಹಿಡಿಯುವ ಒಳದಾರಿ ಅದು. ಚಿಕ್ಕೋಡಿಯ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದ ಹೂಡಿದ್ದರೆ ಎರಡು ನಿಮಿಷದಲ್ಲಿ ಬಾಯಿ ಮುಚ್ಚಿಸಿ ಕೂಡಿಸಿಬಿಡುತ್ತಿದ್ದೆ. ಮನೆಯಲ್ಲಿ ಮಾತ್ರ ಇಷ್ಟು ವರ್ಷ ಸುಮ್ಮನಿದ್ದೆ. ನಡೆದದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ, ಮತ್ತು ನನ್ನ ಬಾಯಿಗೆ ಅವ್ವ ಬೀಗ ಹಾಕಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹತ್ತನೇ ಇಯತ್ತೆಯಲ್ಲಿ ಓದುತ್ತಿದ್ದೆ. ಅಪ್ಪನ ತಂಗಿಯ ಸಾಖರಪುಡಾ, ಅಂದರೆ ಮದುವೆ ನಿಶ್ಚಯ, ಸದಲಗಾದ ನಮ್ಮ ಮನೆಯಲ್ಲೇ ಇತ್ತು. ಬೀಗರು ಕೊಲ್ಲಾಪುರದ ಕಡೆಯವರು, ಶ್ರೀಖಂಡ ತಿಂದೇ ಬೆಳೆದ ಜನ. ಅವರ ತಾಟಿಗೆ ನಾವು ಶ್ರೀಖಂಡ ಬಡಿಸುವುದೆಂದರೆ ಪೈಲವಾನರ ಊರಿಗೆ ಹೋಗಿ ತೊಡೆ ತಟ್ಟಿದಂತೆ.

ಎರಡು ದಿನ ಮೊದಲೇ ಎಮ್ಮೆಯ ಹಾಲು ಕಾಸಿ ಗಡಿಗೆಗಳಲ್ಲಿ ಹೆಪ್ಪು ಹಾಕಿದ್ದರು. ಮರುದಿನ ಆ ಮೊಸರನ್ನು ಅಜ್ಜನ ಹಳೆಯ ಧೋತರದಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಬಿಟ್ಟರು. ನೀರೆಲ್ಲ ಸೋರಿ ಉಳಿಯುವ ಗಟ್ಟಿ ಮುದ್ದೆಯೇ ಚಕ್ಕಾ. ನಿಶ್ಚಯದ ದಿನ ಬೆಳಗ್ಗೆ ಅವ್ವ ಗಂಟು ಬಿಚ್ಚಿ, ಬೆರಳ ತುದಿಯಷ್ಟು ಬಾಯಿಗಿಟ್ಟುಕೊಂಡಳು. ಮುಖ ಸಣ್ಣದಾಯಿತು. ನನಗೂ ಒಂದಿಷ್ಟು ಕೊಟ್ಟಳು.

“ಏನನಸ್ತೈತಿ?”

“ಸುಣ್ಣ ನೆಕ್ಕಿದಂಗ ಐತಿ.”

ಹುಳಿಯೇ ಇರಲಿಲ್ಲ. ಚಳಿಗಾಲದಲ್ಲಿ ನಮ್ಮಲ್ಲಿ ಹೆಪ್ಪಿನ ಗಡಿಗೆ ಒಲೆಯ ಮಗ್ಗುಲಲ್ಲಿರುತ್ತದೆ, ಆ ಬಿಸಿಗೇ ಮೊಸರು ಹುಳಿ ಹಿಡಿಯುವುದು. ಈ ಸಲ ಮಂದಿ ಹೆಚ್ಚೆಂದು ಅಡಿಗೆಯನ್ನೆಲ್ಲ ಹಿತ್ತಲಿನ ದೊಡ್ಡ ಒಲೆಗೆ ಸಾಗಿಸಿದ್ದರು. ಒಳಗಿನ ಒಲೆ ಹೊತ್ತಿಯೇ ಇರಲಿಲ್ಲ. ಗಡಿಗೆಗಳು ಮಾತ್ರ ರೂಢಿಯಂತೆ ಆ ತಣ್ಣಗಿನ ಒಲೆಯ ಮಗ್ಗುಲಲ್ಲೇ ಕುಳಿತಿದ್ದವು. “ಗಡಿಗಿ ಜಾಗಾ ಬದಲ ಮಾಡಬಾರದು” ಎಂದು ಅಲ್ಲಿ ಇಡಿಸಿದವಳು ಆಯಿ. ಕೈಗುಣದ ಮಾತು ಬಂದಾಗ ಈ ಗಡಿಗೆಗಳ ಮಾತು ಯಾರೂ ಎತ್ತುವುದಿಲ್ಲ.

ಬೀಗರ ಜೀಪು ಆ ಹೊತ್ತಿಗೆ ಗಡಿಯ ಕೊಗನೊಳ್ಳಿ ದಾಟಿರಬೇಕು. ಅವ್ವ ನನ್ನ ಕಡೆ ತಿರುಗಿದಳು.

“ಹಿತ್ತಲಾಗಿನ ಗಿಡದ್ದು ನಾಕು ಲಿಂಬಿಹಣ್ಣ ಹರಕೊಂಡ ಬಾ. ಸಿಪ್ಪಿ ಚಂದ ಇರೂವು ನೋಡಿ ತಾ.”

ನಾನು ನಿಂತಲ್ಲೇ ನಿಂತೆ. ಶುಭಕಾರ್ಯದ ದಿನ ಹಾಲಿನ ಪದಾರ್ಥದ ಸಮೀಪ ಲಿಂಬಿಹಣ್ಣು ಸುಳಿಯಬಾರದು, ಹಾಲು ಒಡೆದರೆ ಸಂಬಂಧ ಒಡೆಯುತ್ತದೆ. ಆಯಿಯ ಈ ಕಾಯಿದೆ ನಮ್ಮ ಎಮ್ಮೆಗೂ ಗೊತ್ತಿತ್ತು.

“ಆಯಿಗಿ ಗೊತ್ತಾದರ?”

“ಹಾಲ ಒಡೀತೈತಿ ಅಂತಾರ. ಇದರಾಗ ಹಾಲ ಎಲ್ಲೈತಿ? ಹಾಲಿದ್ದದ್ದು ಹೆಪ್ಪಾತು, ಹೆಪ್ಪಾದದ್ದು ನೀರ ಬಿಟ್ಟು ಗಂಟಿನ್ಯಾಗ ಕುಂತೈತಿ. ಬ್ಯಾರೆ ಆಗೂದೆಲ್ಲಾ ಆಗಿ ಹೋಗೇತಿ. ಇನ್ನೇನ ಉಳದೈತಿ ಒಡ್ಯಾಕ?”

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಮಾತು ಇದು. ಆಮೇಲೆ ನಾನು ನಿಪ್ಪಾಣಿಯಲ್ಲಿ, ಅಥಣಿಯಲ್ಲಿ ಮಾತಾಡಿ ಬಹುಮಾನದ ಢಾಲು ಗೆದ್ದು ತಂದಿದ್ದೇನೆ. ಇಷ್ಟು ಚೊಕ್ಕ ವಾದ ಯಾವ ವೇದಿಕೆಯ ಮೇಲೂ ಕೇಳಿಲ್ಲ.

ಜಾಜಿಕಾಯಿ ತುರಿಯುವ ಸಣ್ಣ ಕಿಸಣಿಯಲ್ಲಿ ಅವ್ವ ಹಳದಿ ಸಿಪ್ಪೆಯನ್ನಷ್ಟೇ ತುರಿದಳು. ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸುವಳು, ಬಿಳಿ ಸೇರಿದರೆ ಕಹಿ. ತುರಿಯನ್ನು ಸಕ್ಕರೆಗೆ ಹಾಕಿ ಅಂಗೈಯಿಂದ ತಿಕ್ಕಿದಾಗ ಸಕ್ಕರೆ ಹಸಿಯಾಗಿ, ಅಡಿಗೆಮನೆಯೇ ಲಿಂಬಿಯ ಗಿಡವಾಯಿತು. ಆ ಸಕ್ಕರೆಯನ್ನು ಚಕ್ಕಾದಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಪುರಣದ ಜಾಳಿಗೆಯಲ್ಲಿ ಒತ್ತಿ ಇಳಿಸಿದಳು. ಕಡೆಗೆ ರಸ, ಒಂದೊಂದೇ ಚಮಚೆ. ಮೂರನೆಯದಕ್ಕೆ ನಾನು ಸಾಕು ಅಂದೆ. “ಇನ್ನೊಂದು” ಅಂದಳು. ಅವಳದೇ ಖರೆ ಆಯಿತು.

“ಯಾಲಕ್ಕಿ?”

“ಬ್ಯಾಡ. ಒಂದ ಮನ್ಯಾಗ ಇಬ್ಬರು ಯಜಮಾನತ್ಯಾರ ಆದರ ಏನಾಗತೈತಿ ಗೊತ್ತಿಲ್ಲೇನ?”

ತುರಿಯ ಹಳದಿ ಚುಕ್ಕೆಗಳು ಕಾಣದಿರಲೆಂದು ಕೇಸರಿ ನೆನೆಸಿದ ನೀರು ಕಲಸಿದಳು.

ಆಯಿಗೆ ಅಂದು ಸೋಮವಾರದ ಉಪವಾಸ. ರುಚಿ ನೋಡುವ ಹಾಗಿರಲಿಲ್ಲ. ಕಂಬಕ್ಕೆ ಆತು ಕುಳಿತು ಪಂಕ್ತಿ ನೋಡುತ್ತಿದ್ದಳು. ಬೀಗತಿ ಪೂರಿ ಮುರಿದು ಶ್ರೀಖಂಡದಲ್ಲಿ ಅದ್ದಿ ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ಬಡಿಸುತ್ತಿದ್ದ ಅವ್ವ ಸೌಟು ಹಿಡಿದೇ ಅವಳ ಮುಖ ನೋಡಿದಳು.

“ಅಗಬಾಯಿ, ಛಾನ!” ಅಂದಳು ಬೀಗತಿ. “ನಮ್ಮ ಕಡೆ ಇಷ್ಟ ಛಲೋ ಆಗೂದಿಲ್ಲರಿ. ಯಾರ ಕೈಯಾಂದಿದು?”

“ನಮ್ಮ ಮನಿ ಕೈಗುಣರಿ,” ಅಂದಳು ಆಯಿ, ತುಟಿಗೂ ತಾಗಿಸದ ಶ್ರೀಖಂಡಕ್ಕೆ. “ನಮ್ಮತ್ತಿ ನನಗ ಕಲಿಸಿದ್ದು.”

ಅವ್ವ ಬೀಗತಿಯ ತಾಟಿಗೆ ಇನ್ನೊಂದು ಸೌಟು ಹಾಕಿ, ತಲೆ ಎತ್ತಿ ಮುಂದಿನ ತಾಟಿಗೆ ನಡೆದಳು. ಬೀಗರು ಮೂರು ಮೂರು ಸಲ ಹಾಕಿಸಿಕೊಂಡರು. ಸಂಜೆ ಉಪವಾಸ ಬಿಟ್ಟ ಆಯಿ ಎರಡು ಸಲ. ಸಂಬಂಧವೂ ಒಡೆಯಲಿಲ್ಲ, ಅಪ್ಪನ ತಂಗಿ, ನನ್ನ ಅತ್ತಿ, ಈಗ ಎರಡು ಮಕ್ಕಳ ತಾಯಿ.

“ನಿಂದು ಅಂತ ಯಾಕ ಹೇಳಲಿಲ್ಲಬೇ?” ಎಂದು ಅವ್ವನನ್ನು ಕೇಳಿದ್ದೆ.

“ಪಾತೇಲಿ ಖಾಲಿ ಆಗಿದ್ದು ನೋಡಿದಿಲ್ಲೋ? ಸಾಕ ನನಗ. ನೀ ಎಲ್ಲೂ ಬಾಯಿ ಬಿಡಬ್ಯಾಡ.”

ನನಗೆ ಸಾಕಾಗಿರಲಿಲ್ಲ. ಆಗಿನಿಂದ ನಾನೊಂದು ಸಂಗತಿ ಗಮನಿಸುತ್ತ ಬಂದೆ. ಮನೆಯಲ್ಲಿ ಶ್ರೀಖಂಡವಿದ್ದ ದಿನ ಆಯಿಯೇ ನನ್ನನ್ನು ಹಿತ್ತಲಿಗೆ ಕಳಿಸುತ್ತಾಳೆ. “ಲೇ ಹುಡುಗಿ, ಅನ್ನದ ಮ್ಯಾಲ ಹಿಂಡಾಕ ನಾಕು ಲಿಂಬಿಹಣ್ಣ ತಾ. ಸಿಪ್ಪಿ ಚಂದ ಇರೂವು ತಾ.” ತಂದು ಕೊಟ್ಟರೆ ಅವನ್ನು ಚಕ್ಕಾದ ಪಕ್ಕದಲ್ಲಿಟ್ಟು, ಜಪದ ನೆಪ ಹೇಳಿ ಹೊರಗೆ ನಡೆದುಬಿಡುತ್ತಾಳೆ.

ಈ ಯುಗಾದಿಗೆ ಬೀಗತಿ ಬಂದಿದ್ದಳು. ಮೊದಲ ತುತ್ತಿಗೇ ಅದೇ ಹೊಗಳಿಕೆ, ಆಯಿಯದು ಅದೇ ಉತ್ತರ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅವ್ವ ಬೇಡವೆಂದು ಕಣ್ಣಸನ್ನೆ ಮಾಡಿದಳು. ನಾನು ಪೂರಿ ಕೆಳಗಿಟ್ಟೆ.

“ಆಯಿ, ಒಂದ ಮಾತ ಕೇಳ್ತೀನಿ, ಎಲ್ಲಾರ ಮುಂದ ಹೇಳಿಬಿಡು. ಅನ್ನದ ಮ್ಯಾಲ ಹಿಂಡೂ ಲಿಂಬಿಹಣ್ಣಿಗಿ ಸಿಪ್ಪಿ ಯಾಕ ಚಂದ ಇರಬೇಕು?”